ಒತ್ತಕ್ಷರ ಬಂದಲ್ಲಿ ಮುರಿಯುತ್ತಿದ್ದ ನಮಸ್ಕಾರ: ಮಾವನ ಟಿಎನ್‌ಸಿ ರಿಪೇರಿ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮಾವನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಡಬ್ಬ ಸಿಕ್ಕಿತು. ಮುಂದೆ ಐದಾರು ಸಣ್ಣ ದೀಪ, ಹಿಂದೆ 25 ಪಿನ್ನಿನ ಸಾಕೆಟ್. ಮಾವ ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೋ, ಬಿಟ್ಟು ಬಹಳ ವರ್ಷ ಆಗಿದೆ. ಧೂಳು ಒರೆಸಿ ನನ್ನ ಕೈಗಿಟ್ಟರು. "ತಗೊಂಡು ಹೋಗಪ್ಪಾ. ನಿಂಗೂ ಲೈಸೆನ್ಸ್ ಬಂದೈತಲ್ಲ. ಜೀವ ಬಂದ್ರೆ ನಂಗೆ ಹೇಳು."

ಅದು ಟಿಎನ್‌ಸಿ-2. ಕಂಪ್ಯೂಟರಿಗೂ ರೇಡಿಯೋಗೂ ನಡುವೆ ಕೂರುವ ಪೆಟ್ಟಿಗೆ. ನಾವು ಟೈಪ್ ಮಾಡಿದ್ದನ್ನು ಪ್ಯಾಕೆಟ್ ಆಗಿ ಕಟ್ಟಿ, 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಮಾಡಿ ರೇಡಿಯೋಗೆ ಕೊಡುತ್ತದೆ. ಆ ಕಡೆಯಿಂದ ಬಂದ ಸ್ವರವನ್ನು ಮತ್ತೆ ಅಕ್ಷರ ಮಾಡುತ್ತದೆ. ಅಮೆರಿಕದ ಟಕ್ಸನ್ ಊರಿನ ಹವ್ಯಾಸಿಗಳ ಗುಂಪು 1985ರಲ್ಲಿ ಈ ವಿನ್ಯಾಸ ಹೊರತಂದಿತು. ಆಮೇಲೆ ಹಲವು ಕಂಪನಿಗಳು ಅದನ್ನೇ ನೋಡಿ ಮಾಡಿದವು. ಮಾವನದ್ದು ಅಂಥದ್ದೇ ಒಂದು. ಒಳಗೆ ಝಡ್80 ಚಿಪ್ಪು.

ಮುಚ್ಚಳ ಬಿಚ್ಚಿದೆ. ಒಳಬದಿಗೆ ಒಂದು ಚೀಟಿ ಅಂಟಿಸಿತ್ತು. ಪೆನ್ಸಿಲ್ಲಿನಲ್ಲಿ ಮೊದಲ ಸಾಲು: "9600. 7 ಬಿಟ್, ಈವನ್." ಕಂಪ್ಯೂಟರಿಗೂ ಡಬ್ಬಕ್ಕೂ ನಡುವಿನ ತಂತಿಯ ಲೆಕ್ಕ ಅದು: ಸೆಕೆಂಡಿಗೆ 9600 ಬಿಟ್, ಒಂದು ಅಕ್ಷರಕ್ಕೆ ಏಳು ಬಿಟ್, ಜೊತೆಗೆ ತಪ್ಪು ಹಿಡಿಯಲು ಒಂದು ಪ್ಯಾರಿಟಿ ಬಿಟ್. ಆ ಸಾಲಿನ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ನಮಸ್ಕಾರ, ದಾವಣಗೆರೆಯಿಂದ, ಮನೆಯಲ್ಲಿ ಇಲ್ಲ, ರಾತ್ರಿ ಎಂಟಕ್ಕೆ ಬರುತ್ತೇನೆ. ಯಾರಾದರೂ ಸಂಪರ್ಕ ಮಾಡಿದರೆ ಡಬ್ಬ ತಾನೇ ಕಳಿಸುತ್ತಿದ್ದ ಸಂದೇಶ ಅದು. ಈ ಟಿಎನ್‌ಸಿಯಲ್ಲಿ ಸಂದೇಶ ತುಂಬಿಡಲು ಎರಡು ಜಾಗ ಇವೆ. ಸಂಪರ್ಕ ಆದ ಕೂಡಲೇ ಹೋಗುವುದು ಸಿಟೆಕ್ಸ್ಟ್. ಇಷ್ಟು ಹೊತ್ತಿಗೊಮ್ಮೆ ಎಂದು ತಾನಾಗಿ ಹೋಗುವುದು ಬಿಟೆಕ್ಸ್ಟ್. ಒಂದೊಂದಕ್ಕೂ 120 ಅಕ್ಷರದ ಮಿತಿ.

ಚೀಟಿ ನೋಡಿ ಎರಡು ಆಸೆ ಹುಟ್ಟಿತು. ಡಬ್ಬ ಮತ್ತೆ ಮಾತಾಡಬೇಕು. ಮತ್ತೆ, ಈ ಸಲ ಕನ್ನಡ ಕನ್ನಡದ ಅಕ್ಷರದಲ್ಲೇ ಹೋಗಬೇಕು.

12 ವೋಲ್ಟ್ ಕೊಟ್ಟೆ, ದೀಪ ಹತ್ತಿತು. ಚೀಟಿ ಹೇಳಿದಂತೆ ಲ್ಯಾಪ್‌ಟಾಪಿನ ಟರ್ಮಿನಲ್ಲನ್ನು 7 ಬಿಟ್, ಈವನ್ ಪ್ಯಾರಿಟಿಗೆ ಇಟ್ಟೆ. ಸಾಲುಗಳು ಸ್ಪಷ್ಟವಾಗಿ ಬಂದವು. ನನ್ನ ಗುರುತಿನ ಹೆಸರಾದ ಕಾಲ್‌ಸೈನ್ ತುಂಬಿದೆ, ಸಿಟೆಕ್ಸ್ಟ್ ತುಂಬಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ವಾಪಸ್ ಬಂದಾಗ ಡಬ್ಬಕ್ಕೆ ಏನೂ ನೆನಪಿಲ್ಲ. ಕಾಲ್‌ಸೈನ್ ಜಾಗದಲ್ಲಿ 'ನೋಕಾಲ್' ಎಂದು ತೋರಿಸಿತು.

ಕಾರಣ ಊಹಿಸಬಹುದು. ಟಿಎನ್‌ಸಿ-2ರ ನೆನಪು ಇರುವುದು ರ‍್ಯಾಮ್ ಚಿಪ್ಪಿನಲ್ಲಿ. ಕರೆಂಟ್ ಇಲ್ಲದಾಗ ಅದನ್ನು ಹಿಡಿದಿಡುವುದು ಒಂದು ಲೀಥಿಯಂ ಸೆಲ್. ಮೀಟರ್ ಇಟ್ಟರೆ 1.1 ವೋಲ್ಟ್. ಈ ರ‍್ಯಾಮ್ ಬರೆದದ್ದನ್ನು ಉಳಿಸಿಕೊಳ್ಳಲು ಕನಿಷ್ಠ 2 ವೋಲ್ಟ್ ಬೇಕು.

ಹಳೇ ಸೆಲ್ಲನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು. ಅದನ್ನು ಕಿತ್ತು, ಎರಡು ಗೇಣುದ್ದ ವೈರಿನಲ್ಲಿ ಸಿಆರ್2032 ಹೋಲ್ಡರ್ ಹೊರಗೆ ತಂದೆ. ಮುಂದಿನ ಸಲ ಬದಲಿಸುವವರು ಕಾಯಿಸುವ ಕಬ್ಬಿಣ ಹಿಡಿಯಬೇಕಿಲ್ಲ. ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಈ ಸೆಲ್ ಚಾರ್ಜ್ ಮಾಡುವ ಜಾತಿಯದ್ದಲ್ಲ. ಡಬ್ಬಕ್ಕೆ ಕರೆಂಟ್ ಇದ್ದಾಗ 5 ವೋಲ್ಟ್ ಹಿಂದಕ್ಕೆ ಹರಿದು ಸೆಲ್ಲಿಗೆ ನುಗ್ಗಬಾರದು. ಅದನ್ನು ತಡೆಯಲು ಬೋರ್ಡಿನಲ್ಲಿ ಡಯೋಡ್ ಇರುತ್ತದೆ. ಇದೆ ಎಂದು ನಂಬಿ ಬಿಡಬೇಡಿ, ಅಳೆದು ನೋಡಿ. ನಾನು ಸೆಲ್ಲಿನ ಸಾಲಿನಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಡಬ್ಬ ಆನ್ ಮಾಡಿ, ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿದೆ. ಸೊನ್ನೆ. ಅಂದರೆ ಹಿಂದಕ್ಕೆ ಏನೂ ಹರಿಯುತ್ತಿಲ್ಲ. ಆಫ್ ಮಾಡಿ ರ‍್ಯಾಮಿನ 28ನೇ ಪಿನ್ನಿಗೆ ಹಿಡಿದರೆ 2.5 ವೋಲ್ಟ್. ಸಾಕು. ರಾತ್ರಿಯೆಲ್ಲ ಆಫ್ ಮಾಡಿಟ್ಟೆ. ಬೆಳಿಗ್ಗೆ ಕಾಲ್‌ಸೈನ್ ಹಾಗೇ ಇತ್ತು.

ಎರಡು ದಿನ ಬಿಟ್ಟು ಅದನ್ನು ನಾನೇ ಅಳಿಸಿದೆ. ಈ ಡಬ್ಬದಲ್ಲಿ 'ರೀಸ್ಟಾರ್ಟ್' ಬೇರೆ, 'ರೀಸೆಟ್' ಬೇರೆ. ರೀಸ್ಟಾರ್ಟ್ ಎಂದರೆ ಆಫ್ ಮಾಡಿ ಆನ್ ಮಾಡಿದ ಹಾಗೆ, ನೆನಪು ಉಳಿಯುತ್ತದೆ. ರೀಸೆಟ್ ಎಂದರೆ ಎಲ್ಲವೂ ಕಾರ್ಖಾನೆಯಿಂದ ಬಂದ ದಿನಕ್ಕೆ ವಾಪಸ್. ಅವಸರದಲ್ಲಿ ಎರಡನೆಯದನ್ನು ಟೈಪ್ ಮಾಡಿದೆ. ಅಂದಿನಿಂದ ಎಲ್ಲ ಸೆಟ್ಟಿಂಗನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಇನ್ನು ನನ್ನ ಸಂದೇಶಗಳು. ಎರಡು ಜಾಗ ನನಗೆ ಸಾಲದು. ನಾಲ್ಕು ಬಟನ್ ಬೇಕಿತ್ತು. ಒತ್ತಿದರೆ ಸಂದೇಶ ಹೋಗಬೇಕು, ಲ್ಯಾಪ್‌ಟಾಪ್ ಬೇಕಾಗಬಾರದು. ಅದಕ್ಕೆ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ತಗೊಂಡೆ. ಅದರ ಚಿಪ್ಪಿನಲ್ಲಿ 1024 ಬೈಟ್ ಇಇಪ್ರಾಮ್ ಇದೆ. ಅದಕ್ಕೆ ಬ್ಯಾಟರಿ ಬೇಡ, ಕರೆಂಟ್ ಹೋದರೂ ಮರೆಯುವುದಿಲ್ಲ. ಒಂದೊಂದು ಸಂದೇಶಕ್ಕೆ 200 ಬೈಟ್ ಅಂತ ನಾಲ್ಕು ಭಾಗ ಮಾಡಿದೆ. ಸಂದೇಶವನ್ನು ಪ್ರೋಗ್ರಾಮಿನ ಒಳಗೇ ಬರೆದುಬಿಡಬಹುದಿತ್ತು. ಆದರೆ ಆಗ ಒಂದು ಪದ ತಿದ್ದಲೂ ಪ್ರೋಗ್ರಾಮನ್ನು ಮತ್ತೆ ತುಂಬಬೇಕು. ಇಇಪ್ರಾಮ್ ಆದರೆ ಲ್ಯಾಪ್‌ಟಾಪಿನಿಂದ ಒಂದು ಸಾಲು ಕಳಿಸಿದರೆ ಮುಗಿಯಿತು.

ನ್ಯಾನೊದ ಪಿನ್ನನ್ನು ನೇರವಾಗಿ ಟಿಎನ್‌ಸಿಗೆ ಜೋಡಿಸಬಾರದು. ನ್ಯಾನೊ ಮಾತಾಡುವುದು 0 ಮತ್ತು 5 ವೋಲ್ಟಿನಲ್ಲಿ. ಹಳೇ ಸೀರಿಯಲ್ ಪೋರ್ಟಿನದ್ದು ಪ್ಲಸ್ಸು ಮೈನಸ್ಸಿನ ಭಾಷೆ, ಅದೂ ತಿರುವುಮುರುವು. ನಡುವೆ ಮ್ಯಾಕ್ಸ್232 ಚಿಪ್ಪು, ಅದಕ್ಕೆ 1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ನಾಲ್ಕು. 25 ಪಿನ್ನಿನ ಸಾಕೆಟ್ಟಿನಲ್ಲಿ ಮೂರೇ ಪಿನ್ ಸಾಕಾಯಿತು: 2 ಒಳಕ್ಕೆ, 3 ಹೊರಕ್ಕೆ, 7 ಗ್ರೌಂಡ್. ಎಲ್ಲವೂ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿಯಲ್ಲಿ ಕೂತಿತು.

ನ್ಯಾನೊದಲ್ಲಿ ಇನ್ನೊಂದು ಇಕ್ಕಟ್ಟು. ಸಾಮಾನ್ಯವಾಗಿ ಬೇರೆ ಪಿನ್ನುಗಳಲ್ಲಿ ಸಾಫ್ಟ್‌ವೇರ್ ಸೀರಿಯಲ್ ಬಳಸುತ್ತಾರೆ. ಅದಕ್ಕೆ 8 ಬಿಟ್, ಪ್ಯಾರಿಟಿ ಇಲ್ಲದ್ದು ಮಾತ್ರ ಗೊತ್ತು. ಮಾವನ ಚೀಟಿಯಲ್ಲಿದ್ದದ್ದು 7 ಬಿಟ್, ಈವನ್. ಹಾಗಾಗಿ ನ್ಯಾನೊದ ಒಂದೇ ನಿಜವಾದ ಸೀರಿಯಲ್ ಪೋರ್ಟನ್ನು ಟಿಎನ್‌ಸಿಗೆ ಕೊಟ್ಟೆ. ಯುಎಸ್‌ಬಿಯದ್ದೂ ಅದೇ ದಾರಿ. ಎರಡನ್ನೂ ಒಟ್ಟಿಗೆ ಹಾಕಬಾರದು. ಸಂದೇಶ ತಿದ್ದುವಾಗ ಮ್ಯಾಕ್ಸ್232 ಕಡೆಯ ಜಂಪರ್ ಕೀಳುತ್ತೇನೆ.

ಬಟನ್ ಒತ್ತಿದಾಗ ನ್ಯಾನೊ ಮಾಡುವುದು ಇಷ್ಟೇ. ಮೊದಲು ಕಂಟ್ರೋಲ್-ಸಿ ಕಳಿಸುತ್ತದೆ. ಟಿಎನ್‌ಸಿ ಎಲ್ಲೇ ಇದ್ದರೂ ಆಜ್ಞೆ ಕೇಳುವ ಸ್ಥಿತಿಗೆ ಬರುತ್ತದೆ. ಆಮೇಲೆ ನ್ಯಾನೊ 'ಕಾನ್ವರ್ಸ್' ಎನ್ನುತ್ತದೆ, ಅಂದರೆ ಇನ್ನು ಬರುವುದು ಸಂದೇಶ. ಅರ್ಧ ಸೆಕೆಂಡ್ ಕಾಯುತ್ತದೆ. ಸಂದೇಶ, ಕೊನೆಗೆ ಎಂಟರ್. ಎಂಟರ್ ಬಿದ್ದರೆ ಪ್ಯಾಕೆಟ್ ಹೊರಟಿತು ಎಂದೇ ಅರ್ಥ. ಆ ಎಂಟರ್ ವಿಷಯ ನೆನಪಿಟ್ಟುಕೊಳ್ಳಿ.

ಹರಿಹರ ನಮ್ಮಿಂದ 14 ಕಿ.ಮೀ. ಅಲ್ಲೊಬ್ಬ ಗೆಳೆಯ, ಅವನೂ ಹ್ಯಾಮ್. ಲ್ಯಾಪ್‌ಟಾಪಿನಲ್ಲಿ ಡೈರ್‌ವುಲ್ಫ್ ಎಂಬ ಪ್ಯಾಕೆಟ್ ಓದುವ ತಂತ್ರಾಂಶ ಹಾಕಿಕೊಂಡು ಹ್ಯಾಮ್‌ಗಳ 2 ಮೀಟರ್ ಅಲೆಯುದ್ದದ ಬ್ಯಾಂಡಿನಲ್ಲಿ ಕೇಳುತ್ತಾ ಕೂತ. ಇಂಗ್ಲಿಷ್ ಅಕ್ಷರದ ಸಂದೇಶ ಮೊದಲ ಸಲಕ್ಕೇ ಸಿಕ್ಕಿತು. ಆಮೇಲೆ ಕನ್ನಡ ತುಂಬಿ ಒತ್ತಿದೆ. ಒಂದೇ ಪದ: ನಮಸ್ಕಾರ.

ಫೋನ್ ಬಂತು. "ಅಣ್ಣಾ, ಏನೇನೋ ಬರ್ತೈತಿ. ಅದೂ ಎರಡು ತುಂಡಾಗಿ." ಫೋಟೊ ಕಳಿಸಿದ. ಮೊದಲ ಪ್ಯಾಕೆಟ್ಟಿನಲ್ಲಿ ಇದ್ದದ್ದು:

`2(`2.`28`3

ಅಲ್ಲಿಗೆ ನಿಂತಿತ್ತು. ಉಳಿದದ್ದು ಎರಡನೇ ಪ್ಯಾಕೆಟ್ಟಿನಲ್ಲಿ.

ನಾನು ಮೊದಲು ಆಡಿಯೋ ಲೆವೆಲ್ ಮೇಲೆ ಅನುಮಾನ ಪಟ್ಟೆ. ಸುಮಾರು ಒಂದು ಗಂಟೆ ಸ್ಕ್ರೂ ತಿರುಗಿಸಿದೆ. ಆಮೇಲೆ ಹೊಳೆಯಿತು. ನಾವು ಕಳಿಸುವ ಎಎಕ್ಸ್.25 ಮಾದರಿಯ ಪ್ಯಾಕೆಟ್ಟಿನ ಕೊನೆಗೆ 16 ಬಿಟ್ಟಿನ ತಾಳೆ ಸಂಖ್ಯೆ ಇರುತ್ತದೆ. ಗಾಳಿಯಲ್ಲಿ ಒಂದು ಬಿಟ್ ಕೆಟ್ಟರೂ ಆ ಕಡೆಯವರು ಇಡೀ ಪ್ಯಾಕೆಟ್ಟನ್ನೇ ಬಿಸಾಡುತ್ತಾರೆ. ಅರ್ಧಂಬರ್ಧ ತೋರಿಸುವುದಿಲ್ಲ. ಅಂದರೆ ಗೆಳೆಯನಿಗೆ ಬಂದ ಕಸ ನನ್ನ ಟಿಎನ್‌ಸಿ ಕಳಿಸಿದ ಕಸವೇ. ತಪ್ಪು ರೇಡಿಯೋದಲ್ಲಿ ಇಲ್ಲ, ಅದಕ್ಕಿಂತ ಹಿಂದೆ ಇದೆ.

ಫೋಟೊ ಇಟ್ಟುಕೊಂಡು ಪೆನ್ನು ಹಿಡಿದು ಕೂತೆ. ಮೂರು ಮೂರು ಚಿಹ್ನೆಯ ಗುಂಪು. ಪ್ರತಿ ಗುಂಪೂ ಆ ಓರೆಗೆರೆಯಿಂದಲೇ ಶುರು, ಆಮೇಲೆ 2 ಅಥವಾ 3. ಇದು ಸುಮ್ನೆ ಬಂದ ಕಸ ಅಲ್ಲ, ಇದಕ್ಕೆ ಒಂದು ಕ್ರಮ ಇದೆ.

ಕಂಪ್ಯೂಟರ್ ಎಲ್ಲ ಭಾಷೆಯ ಅಕ್ಷರಗಳನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುವ ಕ್ರಮ ಯುಟಿಎಫ್-8. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಅಥವಾ 179. ಮೂರನೆಯದು ಚಿಹ್ನೆಗೆ ತಕ್ಕಂತೆ. 'ನ' ಎಂದರೆ 224, 178, 168. ಇದನ್ನು 7 ಬಿಟ್ಟಿನ ದಾರಿಯಲ್ಲಿ ಕಳಿಸಿದರೆ ಎಂಟನೇ ಬಿಟ್ ಬಿದ್ದುಹೋಗುತ್ತದೆ. ಅದರ ಬೆಲೆ 128. ಕಳೆದು ನೋಡಿ: 96, 50, 40. ಇಂಗ್ಲಿಷ್ ಅಕ್ಷರಗಳ ಆಸ್ಕಿ ಪಟ್ಟಿಯಲ್ಲಿ 96 ಎಂದರೆ ಆ ಓರೆಗೆರೆ, 50 ಎಂದರೆ 2, 40 ಎಂದರೆ ತೆರೆದ ಕಂಸ. ಫೋಟೊದ ಮೊದಲ ಮೂರು ಚಿಹ್ನೆ ಅವೇ!

ಹಾಗಾದರೆ ಎರಡು ತುಂಡು ಯಾಕೆ? ನಮಸ್ಕಾರದಲ್ಲಿ ಒತ್ತಕ್ಷರ ಇದೆ. ಕಂಪ್ಯೂಟರ್ 'ಸ್ಕಾ'ವನ್ನು ಸ, ಅರ್ಧಾಕ್ಷರದ ಗುರುತು, ಕ, ದೀರ್ಘ ಎಂದು ನಾಲ್ಕಾಗಿ ಇಟ್ಟುಕೊಳ್ಳುತ್ತದೆ. ಅರ್ಧಾಕ್ಷರದ ಗುರುತಿನ ಮೂರು ಬೈಟ್ 224, 179, 141. ಕೊನೆಯದರಲ್ಲಿ 128 ಕಳೆದರೆ 13. ಹದಿಮೂರು ಎಂದರೆ ಎಂಟರ್. ಒತ್ತಕ್ಷರ ಬಂದಾಗಲೆಲ್ಲ ನನ್ನ ನ್ಯಾನೊ ಎಂಟರ್ ಒತ್ತುತ್ತಿತ್ತು. ಟಿಎನ್‌ಸಿ ಪಾಪ, ಸಂದೇಶ ಮುಗಿಯಿತು ಎಂದುಕೊಂಡು ಪ್ಯಾಕೆಟ್ ಕಳಿಸಿಬಿಡುತ್ತಿತ್ತು.

ಇದು ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಇನ್ನೂ ಯಾವ ಅಕ್ಷರ ಏನು ಮಾಡುತ್ತದೆ ಎಂದು ಪಟ್ಟಿ ಮಾಡುತ್ತಾ ಕೂತೆ. ಐತ್ವ 136, ಕಳೆದರೆ 8. ಅದು ಬ್ಯಾಕ್‌ಸ್ಪೇಸ್. 'ಮೈಸೂರು' ಎಂದು ಕಳಿಸಿದರೆ ಹಿಂದಿನ ಒಂದು ಚಿಹ್ನೆ ಅಳಿಸಿಹೋಗುತ್ತದೆ. 'ಘ' 152, ಕಳೆದರೆ 24. ಅದು ಇಡೀ ಸಾಲನ್ನೇ ರದ್ದು ಮಾಡುವ ಕಂಟ್ರೋಲ್-ಎಕ್ಸ್. ವಿಸರ್ಗ 131, ಕಳೆದರೆ 3. ಅದು ಕಂಟ್ರೋಲ್-ಸಿ! ನನ್ನ ನಾಲ್ಕನೇ ಬಟನ್ನಿನಲ್ಲಿ 'ಪುನಃ ಸಿಗೋಣ' ಎಂದಿತ್ತು. 'ಪುನಃ' ಆದ ಕೂಡಲೇ ಟಿಎನ್‌ಸಿ ಆಜ್ಞೆಯ ಸ್ಥಿತಿಗೆ ಹೋಗಿ, 'ಸಿಗೋಣ'ವನ್ನು ಆಜ್ಞೆ ಎಂದು ಓದಲು ನೋಡುತ್ತಿತ್ತು.

ಪರಿಹಾರ ಚಿಕ್ಕದು. ಟಿಎನ್‌ಸಿಗೆ 'ಎಡಬ್ಲ್ಯೂಲೆನ್ 8', 'ಪ್ಯಾರಿಟಿ 0' ಎಂದು ಹೇಳಿ ರೀಸ್ಟಾರ್ಟ್ ಮಾಡಬೇಕು. '8ಬಿಟ್‌ಕಾನ್ವ್ ಆನ್' ಕೂಡ ಬೇಕು. ಅದಿಲ್ಲದಿದ್ದರೆ ಸೀರಿಯಲ್ಲಿನಲ್ಲಿ ಎಂಟು ಬಿಟ್ ಬಂದರೂ ಟಿಎನ್‌ಸಿ ತಾನೇ ಮೇಲಿನದ್ದನ್ನು ಕತ್ತರಿಸುತ್ತದೆ. ನ್ಯಾನೊ ಕಡೆಯೂ 8 ಬಿಟ್ ಮಾಡಬೇಕು.

ಆದರೆ ಈ ಸೆಟ್ಟಿಂಗ್ ಇರುವುದು ಅದೇ ಬ್ಯಾಟರಿಯ ರ‍್ಯಾಮಿನಲ್ಲಿ. ವೇಗಕ್ಕೆ ಹಿಂದೆ ಸ್ವಿಚ್ ಸಾಲು ಇದೆ, ಅದು ಮರೆಯುವುದಿಲ್ಲ. ಬಿಟ್ ಸಂಖ್ಯೆ, ಪ್ಯಾರಿಟಿ ಮಾತ್ರ ಸೆಲ್ ಸತ್ತರೆ ಮತ್ತೆ 7, ಈವನ್. ಹಾಗಾಗಿ ನ್ಯಾನೊ ಆನ್ ಆದ ತಕ್ಷಣ ಮೊದಲು 7 ಬಿಟ್ಟಿನಲ್ಲೇ ಈ ಮೂರು ಆಜ್ಞೆ ಮತ್ತು ರೀಸ್ಟಾರ್ಟ್ ಹೇಳುತ್ತದೆ. ಆಮೇಲೆ ತಾನು 8 ಬಿಟ್ಟಿಗೆ ಬಂದು, ಅವನ್ನೇ ಇನ್ನೊಮ್ಮೆ ಹೇಳಿ, ಕಾಲ್‌ಸೈನ್ ಕೊಡುತ್ತದೆ. ಟಿಎನ್‌ಸಿ ಮರೆತಿರಲಿ, ನೆನಪಿಟ್ಟಿರಲಿ, ಇಬ್ಬರೂ ಒಂದೇ ಭಾಷೆಗೆ ಬರುತ್ತಾರೆ.

ಮುಂದಿನ ಭಾನುವಾರ ಹರಿಹರದ ಪರದೆಯ ಮೇಲೆ 'ನಮಸ್ಕಾರ' ಇಡಿಯಾಗಿ ಬಂತು.

ಉದ್ದದ ಸಂದೇಶದಲ್ಲಿ ಮತ್ತೊಂದು ತೊಂದರೆ ಕಂಡಿತು. ಟಿಎನ್‌ಸಿ 128 ಬೈಟಿಗೆ ಒಂದು ಪ್ಯಾಕೆಟ್ ಕತ್ತರಿಸುತ್ತದೆ. ಮೂರರ ಲೆಕ್ಕದಲ್ಲಿ 42 ಚಿಹ್ನೆ ಹೋಗಿ ಎರಡು ಬೈಟ್ ಮಿಗುತ್ತದೆ. 43ನೆಯದರ ಎರಡು ಬೈಟ್ ಈ ಕಡೆ, ಬಾಲ ಆ ಕಡೆ. ಎರಡೂ ತುದಿಯಲ್ಲಿ ಪ್ರಶ್ನೆ ಚಿಹ್ನೆಯ ಡಬ್ಬಿ ಕಾಣುತ್ತದೆ. ಈಗ ನ್ಯಾನೊ 120 ಬೈಟ್ ಮುಟ್ಟುವ ಮೊದಲೇ ಪದದ ಕೊನೆ ನೋಡಿ ತಾನೇ ಎಂಟರ್ ಹಾಕುತ್ತದೆ.

ಬಟನ್ ಒತ್ತಿ ರೇಡಿಯೋ ಕಳಿಸಲು ಶುರು ಮಾಡಿದ ಕೂಡಲೇ ನ್ಯಾನೊ ರೀಸೆಟ್ ಆಗುವ ಕಾಟವೂ ಇತ್ತು. ಹ್ಯಾಂಡ್‌ಸೆಟ್ಟಿನ ಆಂಟೆನಾ ಟಿಫಿನ್ ಡಬ್ಬಿಯ ಪಕ್ಕದಲ್ಲೇ ಇತ್ತು. ಆಂಟೆನಾ ಮಾಳಿಗೆಗೆ ಹೋಯಿತು, ಕೇಬಲ್ಲಿಗೆ ರೇಡಿಯೋ ಅಲೆ ತಡೆಯುವ ಫೆರೈಟ್ ಹಾಕಿದೆ, ನಿಂತಿತು.

ಸಂದೇಶದಲ್ಲಿ ಏನಿರಬೇಕು ಎನ್ನುವುದಕ್ಕೆ ಬೆಸುಗೆಗಿಂತ ಜಾಸ್ತಿ ಸಮಯ ಹಿಡಿಯಿತು. ಮೊದಲ ಬಟನ್ನಿನಲ್ಲಿ ಹೆಸರು, ದಾವಣಗೆರೆ, ಗ್ರಿಡ್ ಎಂಕೆ74, 5 ವಾಟ್ ಎಂದು ತುಂಬಿದ್ದೆ. ಗ್ರಿಡ್ ಎಂದರೆ ಹ್ಯಾಮ್‌ಗಳು ಭೂಪಟವನ್ನು ಚೌಕ ಮಾಡಿ ಪ್ರತಿ ಚೌಕಕ್ಕೂ ಕೊಟ್ಟ ಗುರುತು. ಒಂದು ದಿನ ಸಾಮಾನೆಲ್ಲ ಕಟ್ಟಿಕೊಂಡು ಚಿತ್ರದುರ್ಗಕ್ಕೆ, ಚಿಕ್ಕಮ್ಮನ ಮನೆಗೆ ಹೋದೆ. ಮಾಳಿಗೆಯಿಂದ ಕೋಟೆ ಕಾಣುತ್ತದೆ, ಆ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳು. ಚಳ್ಳಕೆರೆಯ ಹಿರಿಯರೊಬ್ಬರು ನನ್ನ ಪ್ಯಾಕೆಟ್ ಹಿಡಿದರು. ಖುಷಿಯಲ್ಲಿ ಮೊದಲ ಬಟನ್ ಒತ್ತಿದೆ. ಅವರು ಲಾಗ್ ಬುಕ್ಕಿನಲ್ಲಿ ದಾವಣಗೆರೆ, ಎಂಕೆ74 ಎಂದೇ ಬರೆದುಕೊಂಡರು. ಎರಡೂರಿನ ನಡುವೆ 76 ಡಿಗ್ರಿ ರೇಖಾಂಶ ಹಾಯುತ್ತದೆ, ಅಲ್ಲಿಗೆ ಗ್ರಿಡ್ ಬದಲಾಗುತ್ತದೆ. ದುರ್ಗ ಇರುವುದು ಎಂಕೆ84ರಲ್ಲಿ. ಸಂಜೆ ನೆನಪಾಗಿ ಫೋನ್ ಮಾಡಿ ತಪ್ಪಾಯಿತು ಎಂದೆ. ಅವರು ತಿದ್ದಿಕೊಂಡರು. ಆದರೆ ನನಗೆ ಬಹಳ ಬೇಜಾರಾಯಿತು. ಲಾಗ್ ಬುಕ್ಕಿನಲ್ಲಿ ಸುಳ್ಳು ಸೇರಬಾರದು, ಅಲ್ವಾ?

ಅದಕ್ಕೇ ಈಗ ಊರು, ಗ್ರಿಡ್ ಸಂದೇಶದ ಒಳಗೆ ಇಲ್ಲ. ಡಬ್ಬಿಗೆ ಮೂರು ಸ್ಥಾನದ ಸ್ವಿಚ್ ಹಾಕಿದ್ದೇನೆ: ಮನೆ, ದುರ್ಗ, ಬೇರೆ. ಆನ್ ಮಾಡಿದ ಮೇಲೆ ಒಮ್ಮೆ ಸ್ವಿಚ್ ತಿರುಗಿಸದಿದ್ದರೆ ಯಾವ ಬಟನ್ನೂ ಕೆಲಸ ಮಾಡುವುದಿಲ್ಲ. 'ಬೇರೆ' ಎಂದಿಟ್ಟರೆ ಊರಿನ ಹೆಸರೇ ಹೋಗುವುದಿಲ್ಲ, ಕೈಯಲ್ಲಿ ಟೈಪ್ ಮಾಡಬೇಕು. ವಾಟ್ ಕೂಡ ತೆಗೆದೆ. ನಾಳೆ ರೇಡಿಯೋ ಬದಲಾದರೆ ಅದೂ ಸುಳ್ಳಾಗುತ್ತದೆ.

ಮೂರನೇ ಬಟನ್ನಿಗೆ ತುರ್ತು ಸಂದೇಶ ಹಾಕು ಎಂದು ಗೆಳೆಯ ಹೇಳಿದ. ಮಳೆಗಾಲದಲ್ಲಿ ತುಂಗಭದ್ರೆ ಏರಿದರೆ ಬೇಕಾಗಬಹುದು ಎಂದು ಅವನ ಯೋಚನೆ. ನಾನು ಒಪ್ಪಲಿಲ್ಲ. ಮೊಣಕೈ ತಾಗಿ ಅಪಾಯದ ಸುದ್ದಿ ಹೋಗಬಾರದು. ಬದಲಿಗೆ ಖಾಲಿ ನಮೂನೆ ಇಟ್ಟೆವು: ಎಲ್ಲಿ, ಎಷ್ಟು ಜನ, ಏನು ಬೇಕು, ಸಮಯ. ಅದು ಪರದೆಗೆ ಬರುತ್ತದೆ, ತುಂಬುವುದು ಕೈಯಲ್ಲಿ, ಕಳಿಸುವುದೂ ಕೈಯಲ್ಲಿ. ಅಭ್ಯಾಸಕ್ಕೆ ಕಳಿಸುವಾಗ ಮೊದಲ ಪದ 'ಅಭ್ಯಾಸ' ಎಂದೇ ಇರಬೇಕು.

ಕನ್ನಡ ಜಾಗ ಜಾಸ್ತಿ ತಿನ್ನುತ್ತದೆ ಎನ್ನುವುದು ನಿಜ. 'ದಾವಣಗೆರೆ'ಗೆ 24 ಬೈಟ್, ಇಂಗ್ಲಿಷ್ ಅಕ್ಷರದಲ್ಲಾದರೆ 10. ರೇಡಿಯೋದಲ್ಲಿ ಸೆಕೆಂಡಿಗೆ 1200 ಬಿಟ್, ಅಂದರೆ 150 ಬೈಟ್ ಹೋಗುತ್ತದೆ. ನಮ್ಮಿಬ್ಬರದೇ ಚಾನೆಲ್ಲಿನಲ್ಲಿ ಅರ್ಧ ಸೆಕೆಂಡ್ ಜಾಸ್ತಿ ಆದರೆ ಯಾರಿಗೂ ತೊಂದರೆ ಇಲ್ಲ. ಬಾಹ್ಯಾಕಾಶ ನಿಲ್ದಾಣದ 145.825 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಈ ಬಟನ್ ಮುಟ್ಟುವುದಿಲ್ಲ. ಅದು ತಲೆಮೇಲೆ ಇರುವುದೇ ಹತ್ತು ನಿಮಿಷ, ಕಾಯುವವರು ಬಹಳ ಮಂದಿ. ಇನ್ನು ಕಾಲ್‌ಸೈನ್ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಪ್ಯಾಕೆಟ್ಟಿನ ವಿಳಾಸದ ಭಾಗಕ್ಕೆ ಏಳೇ ಬಿಟ್. ಸಿಟೆಕ್ಸ್ಟನ್ನೂ ನಾನು ಬದಲಿಸಲಿಲ್ಲ. ಅಲ್ಲಿ ಮಾವ ಬರೆದ ನಮಸ್ಕಾರ ಇದೆ, ಅವರ ಅಕ್ಷರದಲ್ಲೇ. 'ರಾತ್ರಿ ಎಂಟಕ್ಕೆ' ಎಂಬುದನ್ನು ಮಾತ್ರ ಕೇಳಿ ತೆಗೆದೆ.

ಕಳೆದ ವಾರ ಮಾವನನ್ನು ಕರೆದುಕೊಂಡು ಬಂದೆ. ಕುರ್ಚಿ ಎಳೆದು ಡಬ್ಬದ ಮುಂದೆ ಕೂತರು. ಎರಡನೇ ಬಟನ್ ಒತ್ತಿಸಿದೆ. ಕಳಿಸುವ ದೀಪ ಹತ್ತಿ ಆರಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಹರಿಹರದ ಉತ್ತರ ಬಂತು: "ನಮಸ್ಕಾರ ಮಾವ. ಚೆನ್ನಾಗಿ ಕೇಳುತ್ತಿದೆ. ಊಟ ಆಯ್ತಾ?"

ಮಾವ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. "ಒತ್ತು, ದೀರ್ಘ ಎಲ್ಲಾ ಸರಿ ಬಂದೈತಲ್ಲೋ" ಎಂದರು. ಮುಚ್ಚಳ ಕೇಳಿದರು. ಚೀಟಿಯ ಮೇಲೆ '7 ಬಿಟ್, ಈವನ್' ಎಂಬುದಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ '8 ಬಿಟ್, ಪ್ಯಾರಿಟಿ ಇಲ್ಲ' ಎಂದು ಬರೆದು, ತಾರೀಕು ಹಾಕಿ ಕೊಟ್ಟರು.